ಎಳೆ ಬೇಕು, ವಾಸನೆ ಬ್ಯಾಡ

ಕನ್ನಡದಾಗ ‘ಕರಗು’ ಅನ್ನೋ ಒಂದೇ ಮಾತು ಎರಡು ಕೆಲಸ ಮಾಡತೈತಿ. ಉಪ್ಪು ನೀರಿನೊಳಗ ಕರಗತೈತಿ, ಬೆಣ್ಣೆ ಬಿಸಿಗೆ ಕರಗತೈತಿ. ಅಡುಗೆಮನೆಯಲ್ಲಿ ಇದರಿಂದ ಯಾರಿಗೂ ತೊಂದರೆ ಇಲ್ಲ. ಆದರೆ ಪಾಲಿಮರ್ ಲ್ಯಾಬಿನಲ್ಲಿ ಈ ಎರಡು ಕರಗುವಿಕೆಗಳು ಬೇರೆ ಬೇರೆ ಲೋಕ. ಮೊದಲನೆಯದರಲ್ಲಿ ಕರಗಿಸಲಿಕ್ಕೆ ಇನ್ನೊಂದು ದ್ರವ ಬೇಕು, ಕೆಲಸ ಮುಗಿದ ಮೇಲೆ ಆ ದ್ರವ ಎಲ್ಲಿಗಾದರೂ ಹೋಗಬೇಕು. ಎರಡನೆಯದರಲ್ಲಿ ಬರೀ ಶಾಖ ಸಾಕು; ತಣ್ಣಗಾದರೆ ಮುಗೀತು. ಈ ಲೇಖನ ಬರೆಯುತ್ತಿರುವುದು ಆ ‘ಎಲ್ಲಿಗಾದರೂ’ ಅನ್ನೋದು ಎಲ್ಲಿ ಅಂತ ಕೇಳೋದಕ್ಕೆ.

ನಾವು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯಿಂದ ಬಂದ ಹುಡುಗ-ಹುಡುಗಿಯರು. ಮೆಕ್ಯಾನಿಕಲ್, ಕೆಮಿಕಲ್, ಎಲೆಕ್ಟ್ರಿಕಲ್ ಹೀಗೆ ಬೇರೆ ಬೇರೆ ಬ್ರಾಂಚು. ಅಂತಿಮ ವರ್ಷದ ಪ್ರಾಜೆಕ್ಟ್ ಪಟ್ಟಿಗಳಲ್ಲಿ ಈಚೆಗೆ ‘ಎಲೆಕ್ಟ್ರೋಸ್ಪಿನ್ನಿಂಗ್’ ಅನ್ನೋ ಹೆಸರು ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತಿದೆ. ಒಳ್ಳೆಯದೇ. ಆದರೆ ಅದರಲ್ಲಿ ಹೆಚ್ಚಿನವು ದ್ರಾವಕದ ದಾರಿ ಹಿಡಿದಿವೆ. ಕರಗಿಸಿ ನೂಲುವ ದಾರಿ ಇನ್ನೊಂದು ಇದೆ, ನಮ್ಮಂಥ ಕಾಲೇಜುಗಳು ಅದನ್ನೇ ಮೊದಲು ಹಿಡಿಯಬೇಕು ಅನ್ನೋದು ನಮ್ಮ ವಾದ.

ಮೊದಲು ಕೆಲಸ ಏನು ಅಂತ ಹೇಳಿಬಿಡೋಣ. ಸೂಜಿಯ ತುದಿಯಲ್ಲಿ ಅಂಟಾದ ದ್ರವದ ಒಂದು ಹನಿ. ಸ್ವಲ್ಪ ದೂರದಲ್ಲಿ ಒಂದು ಲೋಹದ ತಟ್ಟೆ. ಎರಡರ ನಡುವೆ 10ರಿಂದ 30 ಸಾವಿರ ವೋಲ್ಟ್. ಹನಿಯ ಮೈಮೇಲೆ ಸೇರಿದ ವಿದ್ಯುದಾವೇಶ ಒಂದನ್ನೊಂದು ತಳ್ಳುತ್ತದೆ, ತಟ್ಟೆ ಅತ್ತಲಿಂದ ಎಳೆಯುತ್ತದೆ. ದುಂಡಗಿದ್ದ ಹನಿ ಚೂಪಾಗಿ ಶಂಕುವಿನ ಆಕಾರಕ್ಕೆ ಬರುತ್ತದೆ, ತುದಿಯಿಂದ ಒಂದು ಎಳೆ ಚಿಮ್ಮುತ್ತದೆ. ಒಣ ಹವೆಯ ದಿನ ಜಿನ್ನಿಂಗ್ ಫ್ಯಾಕ್ಟರಿಯೊಳಗೆ ಹತ್ತಿಯ ಎಳೆಗಳು ಒಂದನ್ನೊಂದು ತಳ್ಳಿಕೊಂಡು ಉಬ್ಬಿ ನಿಲ್ಲೋದು, ಅಂಗಿಗೆ, ಕಬ್ಬಿಣಕ್ಕೆ ಮೆತ್ತಿಕೊಳ್ಳೋದು ಬೈಲಹೊಂಗಲದವರಿಗೆ ಹೊಸದಲ್ಲ. ಅಲ್ಲಿ ಪೀಡೆಯಾಗಿರೋ ಅದೇ ಬಲ ಇಲ್ಲಿ ನೂಲುವ ಕೆಲಸಕ್ಕೆ ಬರುತ್ತದೆ.

ಇದು ನಿನ್ನೆ ಮೊನ್ನೆಯ ಸಂಗತಿ ಅಲ್ಲ. ತಿಕ್ಕಿದ ಅಂಬರನ್ನು ನೀರಿನ ಹನಿಯ ಹತ್ತಿರ ಹಿಡಿದರೆ ಹನಿ ಚೂಪಾಗುತ್ತದೆ ಎಂದು ವಿಲಿಯಂ ಗಿಲ್ಬರ್ಟ್ 1600ರಲ್ಲೇ ಬರೆದಿಟ್ಟಿದ್ದ. 1902ರಲ್ಲಿ ಕೂಲಿ, ಮಾರ್ಟನ್ ಎಂಬಿಬ್ಬರು ಅಮೆರಿಕದಲ್ಲಿ ಪೇಟೆಂಟ್ ಪಡೆದರು. 1934ರಲ್ಲಿ ಆಂಟನ್ ಫಾರ್ಮ್‌ಹಾಲ್ಸ್ ಇದರಿಂದ ನೂಲಿನಂಥ ಎಳೆ ತೆಗೆಯುವ ಯಂತ್ರದ ಪೇಟೆಂಟ್ ಪಡೆದ. 1938ರ ಹೊತ್ತಿಗೆ ಸೋವಿಯತ್ ರಷ್ಯಾದಲ್ಲಿ ಪೆಟ್ರ್ಯಾನೋವ್-ಸೊಕೊಲೊವ್ ಮತ್ತು ಸಂಗಡಿಗರು ಇದೇ ಎಳೆಯನ್ನು ವಿಷಾನಿಲ ತಡೆಯುವ ಮುಖವಾಡದ ಫಿಲ್ಟರಿಗೆ ಬಳಸಿದರು. 1964ರಲ್ಲಿ ಜಿ.ಐ. ಟೇಲರ್ ಆ ಶಂಕುವಿನ ಲೆಕ್ಕ ಹಾಕಿದ. ಅವನ ಹೆಸರಲ್ಲೇ ಈಗ ಅದನ್ನು ಟೇಲರ್ ಶಂಕು ಅಂತೇವಿ. 1990ರ ದಶಕದಲ್ಲಿ ಅಮೆರಿಕದ ಏಕ್ರನ್ ವಿಶ್ವವಿದ್ಯಾಲಯದ ಡ್ಯಾರೆಲ್ ರೆನೆಕರ್ ಗುಂಪು ಮತ್ತೆ ಕೈಗೆತ್ತಿಕೊಂಡ ಮೇಲೆ ಎಲ್ಲರ ಬಾಯಲ್ಲೂ ‘ನ್ಯಾನೊಫೈಬರ್’ ಓಡಾಡತೊಡಗಿತು. ನಮ್ಮ ದೇಶದಲ್ಲೂ ಕಾನ್ಪುರ ಐಐಟಿಯ ಆಸರೆಯಲ್ಲಿ ಬೆಳೆದ ಈ-ಸ್ಪಿನ್ ನ್ಯಾನೊಟೆಕ್ ಈ ಯಂತ್ರಗಳನ್ನು ತಯಾರಿಸುತ್ತದೆ. 2020ರಲ್ಲಿ ಮಾಸ್ಕ್ ಕೂಡ ಮಾಡಿತು.

ಎಳೆ ತೆಳ್ಳಗಾದರೆ ಏನು ಲಾಭ? ಲೆಕ್ಕ ಮಾಡಿ ನೋಡಿದರೆ ಗೊತ್ತಾಗುತ್ತದೆ. ರಾಮದುರ್ಗದ ನೇಕಾರರಿಗೆ ಕೌಂಟಿನ ಲೆಕ್ಕ ಬೆರಳ ತುದಿಯಲ್ಲೇ ಇರುತ್ತದೆ: 40ರ ಕೌಂಟಿನ ಹತ್ತಿ ನೂಲು ಒಂದು ಗ್ರಾಂಗೆ ಸುಮಾರು 68 ಮೀಟರ್ ಬರುತ್ತದೆ. ಅದೇ ಒಂದು ಗ್ರಾಂ ಪಾಲಿಮರನ್ನು ಒಂದು ಮೈಕ್ರಾನ್ ದಪ್ಪದ ಒಂಟಿ ಎಳೆಯಾಗಿ ಎಳೆದರೆ ಸಾವಿರ ಕಿಲೋಮೀಟರ್ ದಾಟುತ್ತದೆ. ಸವದತ್ತಿಯಿಂದ ಬೆಂಗಳೂರಿಗೆ ಹೋಗಿ ಬಂದರೂ ಇನ್ನಷ್ಟು ಉಳೀತದ. ದಪ್ಪ 10 ಮೈಕ್ರಾನ್ ಆದರೆ ಬರೀ ಹತ್ತು ಕಿಲೋಮೀಟರ್ ಚಿಲ್ಲರೆ. ಎಳೆ ಉದ್ದವಾದಷ್ಟೂ ಮೈ ಹೆಚ್ಚು, ಮೈ ಹೆಚ್ಚಾದಷ್ಟೂ ಧೂಳು ಹಿಡಿಯೋದು, ಔಷಧ ಹೊರೋದು, ಜೀವಕೋಶಗಳಿಗೆ ಆಸರೆಯಾಗೋದು ಸಲೀಸು.

ಇನ್ನು ದ್ರಾವಕದ ಮಾತು. ಸಾಮಾನ್ಯ ವಿಧಾನದಲ್ಲಿ ಪಾಲಿಮರನ್ನು ಡಿಎಂಎಫ್, ಕ್ಲೋರೋಫಾರ್ಮ್, ಡೈಕ್ಲೋರೋಮಿಥೇನ್ ಇಂಥವುಗಳಲ್ಲಿ ನೆನೆಹಾಕಿ ಕರಗಿಸುತ್ತಾರೆ. ನೂರು ಪಾಲಿನಲ್ಲಿ ಪಾಲಿಮರ್ ಹತ್ತು ಪಾಲು ಅಂತಿಟ್ಟುಕೊಳ್ಳಿ. ಹಾಗಾದರೆ ಒಂದು ಕಿಲೋ ಎಳೆಗೆ ಒಂಬತ್ತು ಕಿಲೋ ದ್ರಾವಕ ಗಾಳಿಗೆ. ನೂಲು ಒಂದು ಪಾಲು, ಹೊಗೆ ಒಂಬತ್ತು ಪಾಲು! ಪ್ರಾಜೆಕ್ಟ್ ವರದಿಯಲ್ಲಿ ಆ ಒಂದರ ಸೂಕ್ಷ್ಮದರ್ಶಕ ಚಿತ್ರ ಬಣ್ಣಬಣ್ಣವಾಗಿ ಅಚ್ಚಾಗುತ್ತದೆ. ಒಂಬತ್ತರ ಸುದ್ದಿ ಇರುವುದಿಲ್ಲ.

ಡಿಎಂಎಫ್ ಲಿವರಿಗೆ ಕೆಟ್ಟದ್ದು, ಚರ್ಮದ ಮೂಲಕವೂ ಮೈಯೊಳಗೆ ಇಳಿಯುತ್ತದೆ. ಗರ್ಭಸ್ಥ ಶಿಶುವಿಗೆ ಹಾನಿ ಮಾಡಬಲ್ಲದು ಎಂದು ಯುರೋಪಿನಲ್ಲಿ ಅದನ್ನು ವರ್ಗೀಕರಿಸಿದ್ದಾರೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಕ್ಯಾನ್ಸರ್ ತರುವ ಸಂಭವ ಇರುವ ವಸ್ತುಗಳ ಗುಂಪಿನಲ್ಲಿ ಇಟ್ಟಿದೆ. 2023ರ ಡಿಸೆಂಬರ್‌ನಿಂದ ಯುರೋಪಿಯನ್ ಒಕ್ಕೂಟ ಅದರ ಬಳಕೆಗೆ ಕಟ್ಟುನಿಟ್ಟು ಹಾಕಿದೆ. ಅಮೆರಿಕದ ಓಶಾ ಮಿತಿ: ಎಂಟು ಗಂಟೆಯ ಸರಾಸರಿಯಲ್ಲಿ ಪ್ರತಿ ಘನಮೀಟರ್ ಗಾಳಿಗೆ 30 ಮಿಲಿಗ್ರಾಂ.

ಇದನ್ನು ನಮ್ಮ ಕಡೆಯ ಲ್ಯಾಬಿಗೆ ಹಚ್ಚಿ ನೋಡೋಣ. ಉದ್ದ 6, ಅಗಲ 5.5, ಎತ್ತರ 3 ಮೀಟರಿನ ಕೋಣೆ ಅಂದರೆ ಹೆಚ್ಚುಕಡಿಮೆ 100 ಘನಮೀಟರ್. ಒಂದೇ ಸೂಜಿ, ಗಂಟೆಗೆ ಒಂದು ಮಿಲಿಲೀಟರ್ ದ್ರಾವಣ. ಎಂಟು ಗಂಟೆಯಲ್ಲಿ ಸುಮಾರು 7 ಗ್ರಾಂ ಡಿಎಂಎಫ್ ಹಾರುತ್ತದೆ. ಗಾಳಿ ಆಡದಿದ್ದರೆ ಸಂಜೆ ಹೊತ್ತಿಗೆ ಪ್ರತಿ ಘನಮೀಟರಿಗೆ 70 ಮಿಲಿಗ್ರಾಂ. ದಿನದ ಸರಾಸರಿ ತೆಗೆದರೆ 35, ಅಂದರೆ ಮಿತಿಯ ಗೆರೆ ದಾಟಿ ಆಯಿತು. ನಾಲ್ಕು ಸೂಜಿ ಹಾಕಿದರೆ ನಾಲ್ಕು ಪಟ್ಟು. ದ್ರಾವಣ ಕಲಸುವಾಗ, ಸಿರಿಂಜು ತೊಳೆಯುವಾಗ ಹಾರುವುದು ಇದರಲ್ಲಿ ಸೇರಿಲ್ಲ. ಕೋಣೆಯ ಗಾಳಿ ಗಂಟೆಗೆ ಆರು ಸಲ ಬದಲಾದರೆ ಇದೇ ಅಂಕಿ ಎರಡು ಮಿಲಿಗ್ರಾಂಗಿಂತ ಕೆಳಗೆ ಇಳಿಯುತ್ತದೆ ಅನ್ನೋದೂ ನಿಜ. ಹಾಗಾದರೆ ಎಕ್ಸಾಸ್ಟ್ ಹಾಕಿಸಿದರೆ ಆಯ್ತಲ್ರೀ ಅನ್ನಬಹುದು. ಹಾಕಿಸ್ರಿ, ನಾವು ಬ್ಯಾಡ ಅಂದಿಲ್ಲ! ಆದರೆ ನಡೆಯೋದು ಏನು? ಗಾಳಿ ಬೀಸಿದರೆ ಎಳೆ ಅತ್ತಿತ್ತ ಓಡುತ್ತದೆ ಅಂತ ಮೊದಲು ಕಿಟಕಿ ಮುಚ್ಚುತ್ತಾರೆ, ಆಮೇಲೆ ಫ್ಯಾನು ಬಂದ್. ಒಂದು ಕಡೆ (ಹೆಸರು ಬ್ಯಾಡ) ಎಕ್ಸಾಸ್ಟ್ ಫ್ಯಾನಿನ ಬಾಯಿ ಹೊರಗಿನ ಬಯಲಿಗಲ್ಲ, ಪಕ್ಕದ ಕ್ಲಾಸ್ ರೂಮಿನ ಕಾರಿಡಾರಿಗೆ ತೆರೆದಿದ್ದನ್ನು ನಾವೇ ನೋಡೇವಿ. ಉಳಿದ ದ್ರಾವಣ ಸಿಂಕಿಗೆ. ಸಿಂಕಿನಿಂದ ಗಟಾರಕ್ಕೆ, ಗಟಾರದಿಂದ ಹಳ್ಳಕ್ಕೆ.

ಈಗ ಇನ್ನೊಂದು ಕರಗುವಿಕೆಗೆ ಬರೋಣ. ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋದವರೆಲ್ಲ ಬಾಂಬೆ ಮಿಠಾಯಿಯ ಗಾಡಿ ನೋಡಿರುತ್ತಾರೆ. ನಡುವೆ ಗಿರ್ರನೆ ತಿರುಗುವ ಬಟ್ಟಲು, ಅದಕ್ಕೆ ಬಿಸಿ. ಒಂದು ಚಮಚೆ ಸಕ್ಕರೆ ಹಾಕಿದರೆ ಕರಗಿ, ಬಟ್ಟಲಿನ ಸಣ್ಣ ಕಿಂಡಿಗಳಿಂದ ಎಳೆಎಳೆಯಾಗಿ ಚಿಮ್ಮಿ, ಗಾಳಿಯಲ್ಲೇ ಗಟ್ಟಿಯಾಗಿ ಕಡ್ಡಿಗೆ ಸುತ್ತಿಕೊಳ್ಳುತ್ತದೆ. ಒಂದು ಹನಿ ನೀರಿಲ್ಲ. ಹಾಕಿದ ಸಕ್ಕರೆ ಎಷ್ಟೋ ಎಳೆ ಅಷ್ಟೇ. ದ್ರಾವಕವಿಲ್ಲದ ನೂಲುವಿಕೆ ಅಂದರೆ ಇದು. ಅಲ್ಲಿ ಎಳೆಯುವ ಬಲ ತಿರುಗಣಿಯದು, ನಾವು ಹೇಳುತ್ತಿರುವ ವಿಧಾನದಲ್ಲಿ ವಿದ್ಯುತ್ತಿನದು, ಅಷ್ಟೇ ವ್ಯತ್ಯಾಸ. ಜಾತ್ರೆಯ ಆ ಗಾಡಿಯವರಿಗೆ ಯಾರೂ ಪಿಎಚ್‌ಡಿ ಕೊಟ್ಟಿಲ್ಲ, ಆದರೆ ತಾಪಮಾನ ಸ್ವಲ್ಪ ಹೆಚ್ಚಾದರೆ ಸಕ್ಕರೆ ಸೀದು ಹೋಗುತ್ತದೆ, ಕಡಿಮೆಯಾದರೆ ಎಳೆ ಬರೋದಿಲ್ಲ, ಮೋಡದ ದಿನ ಮಿಠಾಯಿ ಬೇಗ ಜಿಗುಟಾಗುತ್ತದೆ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತು. ಕರಗಿಸಿ ನೂಲುವವರು ಕಲಿಯಬೇಕಾದ ಅರ್ಧ ಪಾಠ ಅದೇ.

ಉಳಿದರ್ಧ ಪಾಕದ ಪಾಠ. ಕಿತ್ತೂರಿನ ಕಡೆ ಗಾಣದ ಮನೆಯಲ್ಲಿ ಬೆಲ್ಲದ ಕೊಪ್ಪರಿಗೆ ಮುಂದೆ ನಿಂತವರು ಪಾಕ ಬಂತೋ ಇಲ್ಲವೋ ನೋಡೋದು ಹೆಂಗ? ಮನೆಯಲ್ಲಿ ಉಂಡಿಗೆ ಪಾಕ ಹಿಡಿಯುವಾಗ ಅವ್ವ ಹೆಬ್ಬೆರಳು-ತೋರುಬೆರಳಿನ ನಡುವೆ ಹನಿ ಹಿಡಿದು ಬಿಚ್ಚಿ ನೋಡತಾಳ: ಎಳೆ ಬಂತಾ, ಒಂದೆಳೆನಾ ಎರಡೆಳೆನಾ. ನೀರು ಜಾಸ್ತಿ ಇದ್ದರೆ ಹನಿ ಒಡೆಯುತ್ತದೆ, ಎಳೆ ಆಗೋದಿಲ್ಲ. ಸ್ನಿಗ್ಧತೆ ಏರಿದ ಮೇಲೇ ಎಳೆ. ಪಾಲಿಮರಿನಲ್ಲಿ ಇದರ ಜತೆಗೆ ಇನ್ನೊಂದು ಸಂಗತಿ ಇದೆ. ಅದರ ಅಣುಗಳು ಉದ್ದ ಸರಪಳಿ. ತಾಟಿನಲ್ಲಿ ಬಸಿದಿಟ್ಟ ಶ್ಯಾವಿಗೆಯ ಹಾಗೆ ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ. ಒಂದನ್ನು ಎಳೆದರೆ ಹತ್ತು ಬರುತ್ತವೆ. ಆ ಸಿಕ್ಕು ಇಲ್ಲದಿದ್ದರೆ ಎಳೆಯ ಬದಲು ಹನಿಗಳ ಸಿಂಪಡಣೆ ಆಗುತ್ತದೆ.

ಹಾಗಿದ್ದರೆ ಎಲ್ಲರೂ ಇದನ್ನೇ ಯಾಕೆ ಮಾಡೋದಿಲ್ಲ? ಇಲ್ಲಿ ನಾವು ಉತ್ತರವನ್ನು ಮುಚ್ಚಿಡಬಾರದು. ಇದು ಕಷ್ಟ, ಅದಕ್ಕೇ.

1981ರಲ್ಲೇ ಲಾರೊಂಡೊ ಮತ್ತು ಮ್ಯಾನ್ಲಿ ಪಾಲಿಥಿಲೀನ್, ಪಾಲಿಪ್ರೊಪಿಲೀನ್ ಕರಗಿಸಿ ವಿದ್ಯುತ್ತಿನಿಂದ ಎಳೆ ತೆಗೆದು ತೋರಿಸಿದ್ದರು. ಎಳೆಗಳು ದಪ್ಪ ಬಂದವು. ಮುಂದೆ ಬಹಳ ವರ್ಷ ಹೆಚ್ಚು ಮಂದಿ ಅತ್ತ ತಿರುಗಲಿಲ್ಲ. ದಪ್ಪ ಯಾಕೆ ಅಂದರೆ, ದ್ರಾವಣದ ಎಳೆ ಗಾಳಿಯಲ್ಲಿ ಹೋಗುತ್ತ ಹೋಗುತ್ತ ತನ್ನ ಒಂಬತ್ತು ಪಾಲನ್ನು ಕಳಕೊಳ್ಳುತ್ತದೆ. ಅಷ್ಟರಿಂದಲೇ ವ್ಯಾಸ ಮೂರು ಪಟ್ಟಿಗಿಂತ ಹೆಚ್ಚು ಕಿರಿದಾಗುತ್ತದೆ (ಹತ್ತರ ವರ್ಗಮೂಲ ತೆಗೀರಿ, ಗೊತ್ತಾಗತದ). ಕರಗಿಸಿದ ಪಾಲಿಮರಿಗೆ ಈ ಪುಕ್ಕಟೆ ಸಹಾಯ ಇಲ್ಲ. ಮೇಲಾಗಿ ಅದು ದ್ರಾವಣಕ್ಕಿಂತ ಹತ್ತು, ನೂರು ಪಟ್ಟು ಗಟ್ಟಿ; ವಿದ್ಯುತ್ತನ್ನೂ ಅಷ್ಟಾಗಿ ಹರಿಸೋದಿಲ್ಲ. ದ್ರಾವಣದ ಎಳೆ ಚಾಟಿಯ ಹಾಗೆ ಬಳುಕಿ ಬಳುಕಿ ಇನ್ನೂ ತೆಳ್ಳಗಾಗುತ್ತದೆ. ಇದು ನೆಟ್ಟಗೆ ಇಳಿಯುತ್ತದೆ, ತಟ್ಟೆ ಮುಟ್ಟುವ ಮೊದಲೇ ತಣಿದು ಬಿಗಿಯುತ್ತದೆ. ಆದ್ದರಿಂದ ಸಾಮಾನ್ಯವಾಗಿ ಸಿಗುವುದು ಕೆಲವು ಮೈಕ್ರಾನಿನಿಂದ ಹತ್ತಿಪ್ಪತ್ತು ಮೈಕ್ರಾನಿನ ಎಳೆ. ನಮ್ಮ ಹತ್ತಿಯ ಎಳೆಯೇ 12ರಿಂದ 20 ಮೈಕ್ರಾನ್ ಇರುತ್ತದೆ! ಹತ್ತಿಗಿಡ ಬಿಸಿಲಲ್ಲಿ ನಿಂತು ಮಾಡೋದನ್ನು ಮಾಡಲಿಕ್ಕೆ ಇಪ್ಪತ್ತು ಸಾವಿರ ವೋಲ್ಟ್ ಯಾಕ ಅಂತ ಬೈಲಹೊಂಗಲದ ರೈತರೊಬ್ಬರು ಕೇಳಿದರೆ ನಮ್ಮ ಹತ್ತಿರ ಜವಾಬು ಇರಬೇಕು.

ಜವಾಬು ಇದೆ. ನೆಟ್ಟಗೆ ಇಳಿಯುತ್ತದೆ ಅಂದೆವಲ್ಲ, ಆ ದೋಷವನ್ನೇ ಗುಣ ಮಾಡಿಕೊಂಡವರಿದ್ದಾರೆ. ಎಳೆ ಎಲ್ಲಿ ಬೀಳುತ್ತದೆ ಎಂದು ಗೊತ್ತಿದ್ದರೆ ಕೆಳಗಿನ ತಟ್ಟೆಯನ್ನು ಕಂಪ್ಯೂಟರಿನಿಂದ ಸರಿಸುತ್ತ ಬೇಕಾದ ವಿನ್ಯಾಸ ಬರೆಯಬಹುದು. 2011ರಲ್ಲಿ ಬ್ರೌನ್, ಡಾಲ್ಟನ್, ಹುಟ್‌ಮಾಕರ್ ಇದನ್ನು ತೋರಿಸಿದರು. ಈಗ ಅದಕ್ಕೆ ಮೆಲ್ಟ್ ಎಲೆಕ್ಟ್ರೋರೈಟಿಂಗ್ ಎಂದು ಹೆಸರು. ಮಗ್ಗದ ಮೇಲೆ ಹಾಸು-ಹೊಕ್ಕು ಇಟ್ಟ ಹಾಗೆ ಎಳೆಯ ಮೇಲೆ ಎಳೆ. 2015ರಲ್ಲಿ ಒಂದು ಮೈಕ್ರಾನಿಗಿಂತ ತೆಳುವಾದ ಎಳೆಯೂ ಬಂತು. ಗಾಯದ ಪಟ್ಟಿ, ಎಲುಬು-ಚರ್ಮ ಬೆಳೆಸುವ ಜಾಲರಿ ಇಂಥವಕ್ಕೆ ಇದು ಹೇಳಿ ಮಾಡಿಸಿದ್ದು, ಯಾಕಂದ್ರ ಮೈಗೆ ಹಾಕುವ ವಸ್ತುವಿನಲ್ಲಿ ಕ್ಲೋರೋಫಾರ್ಮಿನ ಶೇಷ ಉಳಿದಿದೆಯೋ ಇಲ್ಲವೋ ಅನ್ನುವ ಪ್ರಶ್ನೆಯೇ ಏಳುವುದಿಲ್ಲ.

ಇನ್ನು ‘ಮಾಸ್ಕ್ ಮಾಡೋಣ, ಸಾವಿರ ಮಂದಿಗೆ ಕೆಲಸ ಕೊಡೋಣ’ ಅನ್ನೋ ಮಾತು ಪ್ರತಿ ಪ್ರಾಜೆಕ್ಟ್ ಪ್ರೆಸೆಂಟೇಶನ್ನಿನ ಕೊನೆಯ ಸ್ಲೈಡಿನಲ್ಲಿ ಇರುತ್ತದೆ. ನಾವು ಅದನ್ನು ನಂಬೋದಿಲ್ಲ. ಮಾಸ್ಕಿನ ನಡುವಿನ ಪದರ ಕರಗಿಸಿದ ಪಾಲಿಪ್ರೊಪಿಲೀನನ್ನು ಬಿಸಿಗಾಳಿಯಿಂದ ಊದಿ ಮಾಡಿದ್ದು, ಮೆಲ್ಟ್‌ಬ್ಲೋನ್ ಅಂತಾರ. 2020ರಲ್ಲಿ ಜಗತ್ತೆಲ್ಲ ಅದಕ್ಕಾಗಿ ಬಾಯಿಬಿಟ್ಟಿತ್ತು. ಅದರಲ್ಲೂ ದ್ರಾವಕ ಇಲ್ಲ, ಎಳೆಯೂ ಕೆಲವೇ ಮೈಕ್ರಾನ್, ಕಿಲೋಗಟ್ಟಲೆ ಬರುತ್ತದೆ. ನಮ್ಮ ಒಂಟಿ ಸೂಜಿ ಗಂಟೆಗೆ ಒಂದು ಗ್ರಾಂ ಕೊಟ್ಟರೆ ಹೆಚ್ಚು. ಹತ್ತಿ ಧೂಳಿನಿಂದ ಬರುವ ಎದೆಬಿಗಿತಕ್ಕೆ ಬಿಸಿನೋಸಿಸ್ ಎಂಬ ಹೆಸರಿದೆ. ನೂಲಿನ ಗಿರಣಿಗಳಲ್ಲಿ ಅದು ಹಳೇ ಕಾಯಿಲೆ, ರಜೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನವೇ ಹೆಚ್ಚು ಕಾಡುತ್ತದೆ. ಜಿನ್ನಿಂಗಿನಲ್ಲೂ ಧೂಳು ಕಡಿಮೆ ಏನಲ್ಲ. ಅಲ್ಲಿ ಹೆಂಗಸರು ಸೆರಗು, ಗಂಡಸರು ಟಾವೆಲ್ಲು ಮೂಗಿಗೆ ಕಟ್ಟಿಕೊಂಡು ದುಡಿಯುವುದು ನ್ಯಾನೊ ತಂತ್ರಜ್ಞಾನ ಇಲ್ಲದ್ದಕ್ಕಲ್ಲ. ಅಂಗಡಿಯಲ್ಲಿ ಸಿಗುವ ಮಾಸ್ಕನ್ನು ಯಾರೂ ಕೊಂಡು ಕೊಡದ್ದಕ್ಕೆ. ಇದಕ್ಕೆ ಎಲೆಕ್ಟ್ರೋಸ್ಪಿನ್ನಿಂಗ್ ಮದ್ದು ಅಲ್ಲ.

ಹಾಗೇ ಇನ್ನೊಂದು ಭ್ರಮೆ: ‘ನಮ್ಮ ಹತ್ತಿಯಿಂದಲೇ ನ್ಯಾನೊ ಎಳೆ.’ ಹತ್ತಿ ಬಿಸಿಗೆ ಕರಗೋದಿಲ್ಲ, ಸುಡುತ್ತದೆ. ಸೆಲ್ಯುಲೋಸಿನ ಸರಪಳಿಗಳು ಒಂದಕ್ಕೊಂದು ಎಷ್ಟು ಬಿಗಿಯಾಗಿ ಕೂತಿರುತ್ತವೆ ಅಂದರೆ ಬಿಡಿಸಿಕೊಳ್ಳುವ ಮೊದಲೇ ಒಡೆದುಹೋಗುತ್ತವೆ. ಈ ಮಾತು ಬರೆಯುವಾಗ ನಮಗೂ ಸಂಕಟವೇ. ಎರೆಮಣ್ಣಿನಲ್ಲಿ ಬೆಳೆದ ನಮ್ಮ ನಾಡಹತ್ತಿಯನ್ನು ಹತ್ತೊಂಬತ್ತನೇ ಶತಮಾನದ ವ್ಯಾಪಾರಿಗಳು ‘ಕುಮಟಾ ಹತ್ತಿ’ ಅಂತ ಕರೆದರು, ಘಟ್ಟ ಇಳಿದು ಹಡಗು ಹತ್ತಿದ್ದು ಕುಮಟಾದಲ್ಲಿ ಅನ್ನೋದಕ್ಕೆ. ಬೆಳೆದವರು ಇಲ್ಲಿ, ಹೆಸರು ಬಂದರಿನದು. ಆಮೇಲೆ ಜಯಧರ ಬಂತು, 1981ರಲ್ಲಿ ಧಾರವಾಡದಲ್ಲೇ ತಯಾರಾದ ಡಿಸಿಎಚ್-32 ಬಂತು, ಈಗ ಬಿಟಿ. ಅರಳೆಯಾಗಿ, ಗಂಟಾಗಿ ಲಾರಿ ಹತ್ತುವುದು ಮಾತ್ರ ಇವತ್ತಿಗೂ ತಪ್ಪಿಲ್ಲ.

ಕರಗುವ ಪಾಲಿಮರ್ ಬೇಕಾದರೆ ನಮ್ಮ ತಾಲೂಕುಗಳಲ್ಲಿ ನೋಡಬೇಕಾದ್ದು ಹತ್ತಿಯ ಕಡೆಗಲ್ಲ, ಕಬ್ಬಿನ ಕಡೆಗೆ. ಎಂ.ಕೆ. ಹುಬ್ಬಳ್ಳಿಯಲ್ಲಿ, ಮುನವಳ್ಳಿಯಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಸಕ್ಕರೆಯನ್ನು ಹುದುಗು ಬರಿಸಿದರೆ ಲ್ಯಾಕ್ಟಿಕ್ ಆಮ್ಲ (ಮೊಸರನ್ನು ಹುಳಿ ಮಾಡುವ ಅದೇ ಆಮ್ಲ), ಅದನ್ನು ಸರಪಳಿ ಮಾಡಿದರೆ ಪಿಎಲ್‌ಎ. ಲೆಕ್ಕದ ಪ್ರಕಾರ ಒಂದು ಕಿಲೋ ಗ್ಲುಕೋಸಿನಿಂದ ಹೆಚ್ಚೆಂದರೆ 800 ಗ್ರಾಂ. ಇದು 150ರಿಂದ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ; ತ್ರೀಡಿ ಪ್ರಿಂಟರಿನಲ್ಲಿ ನಾವೆಲ್ಲ ಬಳಸುವ ವಸ್ತುವೇ. ಥಾಯ್ಲೆಂಡಿನ ರಯೋಂಗಿನಲ್ಲಿ ಕಬ್ಬಿನಿಂದಲೇ ಇದನ್ನು ವರ್ಷಕ್ಕೆ 75,000 ಟನ್ ಮಾಡಬಲ್ಲ ಕಾರ್ಖಾನೆ ಇದೆ. ಉತ್ತರ ಪ್ರದೇಶದಲ್ಲಿ ಬಲರಾಂಪುರ ಚಿನಿ ಮಿಲ್ಸ್ ಇಂಥದ್ದೇ ಒಂದನ್ನು 2024ರಲ್ಲಿ ಘೋಷಿಸಿತು. ನಮ್ಮ ಕಡೆ ಕಬ್ಬಿನ ರಸ ಸಕ್ಕರೆಯಾಗುತ್ತದೆ, ಮೊಲಾಸಿಸ್ ಆಗುತ್ತದೆ, ಎಥನಾಲ್ ಆಗುತ್ತದೆ. ಎಳೆಯಾಗುವ ಮಾತು ಇನ್ನೂ ಬಂದಿಲ್ಲ. ಆದರೆ ಇದನ್ನು ‘ಹಸಿರು’ ಅಂತ ಕಣ್ಣು ಮುಚ್ಚಿ ಕರೆಯಲಿಕ್ಕೂ ನಾವು ತಯಾರಿಲ್ಲ. ಕಬ್ಬು ನೀರು ಕುಡಿಯುವ ಬೆಳೆ. ನವಿಲುತೀರ್ಥದ ಜಲಾಶಯ ತುಂಬದ ವರ್ಷಗಳಲ್ಲಿ ಸವದತ್ತಿ, ರಾಮದುರ್ಗದವರು ಕುಡಿಯೋ ನೀರಿಗೆ ಆಕಾಶ ನೋಡೋದು ಎಲ್ಲರಿಗೂ ಗೊತ್ತು. ಕಳಸಾ-ಬಂಡೂರಿ ಕೇಳಿ ಬೀದಿಗಿಳಿದ ನಾಡು ಇದು. ಇದ್ದ ಸಕ್ಕರೆಯಲ್ಲಿ ಒಂದು ಪಾಲು ಎಳೆಗೆ ಅಂದರೆ ಒಪ್ಪೋಣ, ಎಳೆಗಾಗಿ ಇನ್ನಷ್ಟು ಕಬ್ಬು ಅಂದರೆ ಜಗಳ ಮಾಡೋಣ.

ಎಳೆ ಮತ್ತು ರಾಸಾಯನಿಕದ ಕಥೆ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ರೇಯಾನ್ ಎಳೆಗೆ ಬೇಕಾದ ಮರದ ತಿರುಳು ಮಾಡುವ ಕಾರ್ಖಾನೆ ಹರಿಹರದ ಹತ್ತಿರ ತುಂಗಭದ್ರೆಯ ದಂಡೆಗೆ ಬಂದ ಮೇಲೆ, 1980ರ ದಶಕದಲ್ಲಿ ಹೊಳೆಯ ಮೀನುಗಳ ಸಾವು ದೊಡ್ಡ ಸುದ್ದಿಯಾಯಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಹೊಳೆಗಾಗಿಯೂ, ತಿರುಳಿಗೆಂದು ನೀಲಗಿರಿ ನೆಡಲು ಕೊಟ್ಟ ಹಳ್ಳಿಗಳ ಗೋಮಾಳಕ್ಕಾಗಿಯೂ ಹೋರಾಡಿತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನೀಲಗಿರಿ ಸಸಿ ಕಿತ್ತು ಬೇರೆ ಗಿಡ ನೆಟ್ಟ ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹ ನಡೆಯಿತು. ಲ್ಯಾಬಿನ ಹತ್ತು ಮಿಲಿಲೀಟರಿಗೂ ಆ ಕಾರ್ಖಾನೆಗೂ ಹೋಲಿಕೆಯೇ ಅಂತ ನಗಬಹುದು. ಆದರೆ ಕಾರ್ಖಾನೆ ಕಟ್ಟುವವರು, ನಡೆಸುವವರು ಇಂಥ ಲ್ಯಾಬುಗಳಲ್ಲೇ ಕಲಿತು ಹೋಗುವವರು. ‘ಹೊರಗ ಹೋದದ್ದು ನಮ್ಮ ಲೆಕ್ಕಕ್ಕಿಲ್ಲ’ ಅನ್ನುವ ರೂಢಿ ಬೀಳೋದು ಏಳನೇ ಸೆಮಿಸ್ಟರಿನಲ್ಲೇ.

ನಮ್ಮ ಮೇಷ್ಟ್ರುಗಳಲ್ಲಿ ಕೆಲವರು ಒಪ್ಪೋದಿಲ್ಲ. ‘ದ್ರಾವಣದಲ್ಲಿ ಒಂದು ವಾರಕ್ಕೆ 200 ನ್ಯಾನೊಮೀಟರಿನ ಚಂದದ ಚಿತ್ರ ಬರುತ್ತದೆ, ಪೇಪರ್ ಆಗುತ್ತದೆ. ನಿಮ್ಮದರಲ್ಲಿ ಒಂದು ಸೆಮಿಸ್ಟರ್ ಹೀಟರ್ ಸುಡೋದರಲ್ಲೇ ಹೋಗುತ್ತದೆ’ ಅಂತಾರ. ಮಾತು ಸುಳ್ಳಲ್ಲ. ನೀರಿನಲ್ಲೇ ಕರಗುವ ಪಾಲಿವಿನೈಲ್ ಆಲ್ಕೋಹಾಲ್ ಇದೆಯಲ್ಲ, ಅದನ್ನು ಬಳಸಿ ಅನ್ನೋದು ಇನ್ನೊಂದು ಸಲಹೆ. ಅದೂ ಒಳ್ಳೆಯದೇ, ನೀರೂ ಒಂದು ದ್ರಾವಕವೇ, ಮೂಗಿಗೆ ಏನೂ ಮಾಡೋದಿಲ್ಲ. ತೊಂದರೆ ಅಂದರೆ ನೀರಿನಲ್ಲಿ ಕರಗಿದ್ದು ಬಳಸುವಾಗಲೂ ನೀರಿಗೆ ಕರಗುತ್ತದೆ. ಕರಗದಂತೆ ಮಾಡಲಿಕ್ಕೆ ಮತ್ತೊಂದು ರಾಸಾಯನಿಕ ಬೇಕಾಗುತ್ತದೆ. ಕಲಿಯುವವರಿಗೆ ಅದೂ ಸಾಗಲಿ. ನಮ್ಮ ಜಗಳ ನೀರಿನ ಜೊತೆಗಲ್ಲ.

ಹೀಟರ್ ಸುಡುವ ವಿಷಯಕ್ಕೆ ನಮ್ಮ ಉತ್ತರ: ಆ ಸೆಮಿಸ್ಟರೇ ನಿಜವಾದ ಎಂಜಿನಿಯರಿಂಗ್. ನೋಡ್ರಿ, ಸೂಜಿಗೆ ಬಿಸಿ ಬೇಕು, ಸೂಜಿಗೇ ಹೈವೋಲ್ಟೇಜೂ ಕೊಟ್ಟರೆ ಅದು ಹೀಟರಿನ ತಂತಿಗೆ ಹಾರಿ ತಾಪಮಾನ ನಿಯಂತ್ರಕವನ್ನು ಸುಟ್ಟುಬಿಡುತ್ತದೆ. ಉಪಾಯ ಏನು? ಸೂಜಿಯನ್ನು ಅರ್ತ್ ಮಾಡಿ, ವೋಲ್ಟೇಜನ್ನು ಕೆಳಗಿನ ತಟ್ಟೆಗೆ ಕೊಡೋದು. ಹನಿಗೆ ಯಾವ ತುದಿಗೆ ವೋಲ್ಟೇಜ್ ಅನ್ನೋದಕ್ಕಿಂತ ನಡುವಿನ ವಿದ್ಯುತ್ ಕ್ಷೇತ್ರ ಮುಖ್ಯ. ಇದನ್ನು ಎಲೆಕ್ಟ್ರಿಕಲ್ಲಿನವರು, ಮೆಕ್ಯಾನಿಕಲ್ಲಿನವರು, ಕೆಮಿಕಲ್ಲಿನವರು ಒಂದೇ ಮೇಜಿಗೆ ಕೂತು ಬಗೆಹರಿಸಬೇಕು. ಕೊಂಡು ತಂದ ಯಂತ್ರದ ಗುಂಡಿ ಒತ್ತಿದರೆ ಇದು ಬರೋದಿಲ್ಲ. ಒಣಗಿಸದೇ ಹಾಕಿದ ಪಿಎಲ್‌ಎ ಬಿಸಿಯಲ್ಲಿ ನೀರಿನ ಅಂಶ ತಾಗಿ ಸರಪಳಿ ತುಂಡಾಗಿ ತೆಳ್ಳಗೆ ಸುರಿಯುತ್ತದೆ. ಕಿತ್ತೂರಿನ ಶ್ರಾವಣದ ಜಿಟಿಜಿಟಿಯಲ್ಲಿ ಒಂದು ರೀತಿ, ರಾಮದುರ್ಗದ ಬ್ಯಾಸಿಗಿಯಲ್ಲಿ ಇನ್ನೊಂದು ರೀತಿ. ಇದನ್ನೂ ಕೈಯಾರೆ ಮಾಡಿಯೇ ಕಲಿಯಬೇಕು. ಕರಗಿಸಿದ್ದೆಲ್ಲ ನಿರಪಾಯ ಅಂತಲೂ ಅಲ್ಲ, ಅತಿಯಾಗಿ ಕಾಯಿಸಿದರೆ ಪಾಲಿಮರೂ ಒಡೆದು ಹೊಗೆ ಬಿಡುತ್ತದೆ. ಕಿಟಕಿ ಇಲ್ಲಿಯೂ ತೆರೆದಿರಬೇಕು.

ನಾವು ಕೇಳುವುದು ದೊಡ್ಡದೇನಿಲ್ಲ. ಎಲೆಕ್ಟ್ರೋಸ್ಪಿನ್ನಿಂಗ್ ಮಾಡುವ ಪ್ರತಿ ಪ್ರಾಜೆಕ್ಟ್ ವರದಿಯಲ್ಲಿ ಒಂದು ಸಾಲು ಕಡ್ಡಾಯ ಆಗಲಿ: ಒಂದು ಗ್ರಾಂ ಎಳೆಗೆ ಎಷ್ಟು ಗ್ರಾಂ ದ್ರಾವಕ ಹಾರಿತು, ಉಳಿದದ್ದನ್ನು ಎಲ್ಲಿ ಹಾಕಿದಿರಿ. ವೈವಾದಲ್ಲಿ ಅದನ್ನೇ ಮೊದಲು ಕೇಳಲಿ. ಹೊಸ ಯಂತ್ರಕ್ಕೆ ದುಡ್ಡು ಮಂಜೂರು ಮಾಡುವವರು ಎಕ್ಸಾಸ್ಟಿನ ದುಡ್ಡನ್ನೂ ಅದೇ ಚೀಟಿಯಲ್ಲಿ ಬರೆಯಲಿ. ಬರೆದು ನೋಡಿದರೆ ಕರಗಿಸುವ ದಾರಿ ಅಗ್ಗ ಅಂತ ತಾನೇ ಕಾಣಿಸುತ್ತದೆ.

ನಮ್ಮ ಕ್ಲಬ್ಬಿನಿಂದ ಒಂದು ರಿಗ್ ಕಟ್ಟುವ ತಯಾರಿ ನಡೆದಿದೆ. ಪಿಎಲ್‌ಎಗೆ ಆಮೇಲೆ ಹೋಗೋಣ, ಮೊದಲು ಪಾಲಿಕ್ಯಾಪ್ರೊಲ್ಯಾಕ್ಟೋನ್. ಅದು 60 ಡಿಗ್ರಿಗೇ ಕರಗುತ್ತದೆ, 80-100 ಡಿಗ್ರಿಯಲ್ಲಿ ನೂಲಬಹುದು, ಕೈತಪ್ಪಿದರೂ ಸುಲಭಕ್ಕೆ ಸೀಯೋದಿಲ್ಲ. ಬೆಲೆ ಜಾಸ್ತಿ, ಆದರೆ ನಮಗೆ ಬೇಕಾದ್ದು ಗ್ರಾಂ ಲೆಕ್ಕದಲ್ಲಿ. ಗಾಜಿನ ಸಿರಿಂಜು, ಸುತ್ತ ಬ್ಯಾಂಡ್ ಹೀಟರ್, ಮೇಲೆ ಸ್ಟೆಪ್ಪರ್ ಮೋಟಾರಿನಿಂದ ತಳ್ಳುವ ದಂಡ, ಕೆಳಗೆ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ ತಟ್ಟೆ. ಹೈವೋಲ್ಟೇಜಿಗೆ ಹಳೇ ಟಿವಿಯ ಫ್ಲೈಬ್ಯಾಕ್ ಬಿಚ್ಚಿ ತರುವವರು ದಯವಿಟ್ಟು ತರಬ್ಯಾಡ್ರಿ. ಕರೆಂಟ್ ಮಿತಿ ಇರುವ ಸಪ್ಲೈ ಬೇಕು, ಸರಣಿಯಲ್ಲಿ 100 ಮೆಗಾಓಮ್ ರೆಸಿಸ್ಟರ್ ಬೇಕು. 20 ಸಾವಿರ ವೋಲ್ಟಿಗೆ ಆಗ ಹರಿಯುವುದು ಹೆಚ್ಚೆಂದರೆ 0.2 ಮಿಲಿಆಂಪ್. ಬಾಗಿಲು ತೆರೆದರೆ ತಾನೇ ಬಂದ್ ಆಗುವ ಸ್ವಿಚ್ಚು, ತಟ್ಟೆ ಮುಟ್ಟುವ ಮೊದಲು ಅರ್ತ್ ಕೋಲು. ಅಕ್ರಿಲಿಕ್ ಪೆಟ್ಟಿಗೆ ವರ್ಕ್‌ಶಾಪಿನಲ್ಲಿ ಕತ್ತರಿಸಿ ಆಗಿದೆ. ತಾಪಮಾನ ನಿಯಂತ್ರಕ ಬರೆಯುವವರು ಇಬ್ಬರು ಬೇಕಾಗಿದ್ದಾರೆ, ಯಾವ ಬ್ರಾಂಚಿನವರಾದರೂ ನಡೀತದ. ಬನದ ಹುಣ್ಣಿಮೆಯ ಒಳಗೆ ಮೊದಲ ಎಳೆ ತೆಗೀಬೇಕು ಅಂತ ಮಾತಾಡಿಕೊಂಡೇವಿ.